ತಪ್ಪಿದ್ದನ್ನು ತಪ್ಪದೆ

ಬಲ್ಲಾರ್ಡ್ ಪಿಯರಿನ ಮೂರನೇ ಮಾಳಿಗೆ. ಲಿಫ್ಟು ಕೆಟ್ಟ ದಿನ
ನವಲ್ ಶೇಠ್ ಮೆಟ್ಟಿಲು ಹತ್ತಿ ಬಂದು, ಉಸಿರು ಸಿಕ್ಕಿದ ಮೇಲೆ,
ಹೊಸ ಫಾರಮ್ಮುಗಳ ಕಟ್ಟು ನನ್ನ ಮೇಜಿಗೆ ಹಾಕಿದರು:
"ವಾರಿಜ, ಇನ್ನು ಮೇಲೆ ಎಲ್ಲಾ ಒಂದೇ ಅಳತೆ."

ಅಲ್ಲಿಯವರೆಗೆ ಒಂದೊಂದು ಕಾಗದಕ್ಕೆ ಒಂದೊಂದು ಮೈಕಟ್ಟು.
ಇನ್‌ವಾಯ್ಸು ಗಿಡ್ಡ, ಶಿಪ್ಪಿಂಗ್ ಬಿಲ್ಲು ಒಣಹಾಕಿದ ಲುಂಗಿಯಷ್ಟು ಉದ್ದ,
ಮೂಲದೇಶದ ಸರ್ಟಿಫಿಕೇಟಿಗೆ ಅಂಚಿನ ತುಂಬ ಬಳ್ಳಿ.
ಒಂದೇ ಸರಕನ್ನು ಹನ್ನೊಂದು ಸಲ ಬಡಿಯುತ್ತಿದ್ದೆ;
ಕಾರ್ಬನ್ನು ಬೆರಳಿಂದ ಹಣೆಗೆ, ಹಣೆಯಿಂದ
ಮಧ್ಯಾಹ್ನದ ಅನ್ನಕ್ಕೆ.

ಈಗ ಎಡಕ್ಕೆ ಮೇಲೆ ಕಳಿಸುವವನು, ಅವನ ಕೆಳಗೆ ಪಡೆಯುವವನು,
ಬಲಕ್ಕೆ ದೇಶ. ನಡುವಿನ ಬಯಲಲ್ಲಿ ಸರಕು.
ಯಾವ ಬಂದರಿನ ಗುಮಾಸ್ತ ಕಣ್ಣುಮುಚ್ಚಿ ಬೆರಳಿಟ್ಟರೂ
ಅಲ್ಲೇ ಇರಬೇಕು ತೂಕ.
ಒಮ್ಮೆ ಬಡಿದರೆ ಸಾಕು; ಉಳಿದದ್ದು ಝೆರಾಕ್ಸು.
ಬೆಲೆ ಕಾಣಬಾರದ ಕಾಗದಕ್ಕೆ, ಕಿಟಕಿ ಕೊರೆದ ಒಂದು ರಟ್ಟು
ಮೇಲಿಟ್ಟರಾಯಿತು, ಬೆಲೆ ಮಾಯ.
(ಇಂಥದೊಂದು ರಟ್ಟು ನನಗೂ ಬೇಕಿತ್ತು,
ಹೆಣ್ಣು ನೋಡಲು ಬಂದವರೆದುರು, ವಯಸ್ಸಿನ ಕಾಲಮ್ಮಿಗೆ.)

ಪೆಡ್ನೇಕರ್ ಮಾತ್ರ ಮುಖ ಊದಿಸಿಕೊಂಡ.
ಕಸ್ಟಮ್ಸ್ ಹೌಸಿನಲ್ಲಿ ಕರೆಂಟು ಹೋದಾಗಲೂ
ಯಾವ ಕಾಗದ ಯಾವ ಸಾಹೇಬನಿಗೆಂದು
ಮುಟ್ಟಿಯೇ ಹೇಳುತ್ತಿದ್ದವನು.
"ಎಲ್ಲ ಒಂದೇ ಥರ ಆದರೆ ಕೈಗೇನು ಕೆಲಸ?" ಅಂದು
ಚಹಾ ಬಸಿಗೆ ಸುರಿದುಕೊಂಡ.

ಮೊದಲ ಸರಕು ಮೊಂಬಾಸಾಕ್ಕೆ. ಭೂಲೇಶ್ವರದ ಸ್ಟೀಲ್ ಡಬ್ಬಿ,
ನಾಲ್ಕು ಅಂತಸ್ತಿನವು, ನೂರಿಪ್ಪತ್ತು ಪೆಟ್ಟಿಗೆ.
ಪಡೆಯುವವರು ಹಮೀಸಿ ಜುಮಾ ಮತ್ತು ಮಕ್ಕಳು.
ಅಲ್ಲಿನ ಬ್ಯಾಂಕಿನಿಂದ ಎಲ್‌ಸಿ ಬಂತು. ನಡುವೆ ಒಂದು ಐ ಉದುರಿ
ಹಮೀಸಿ ಹಂಸಿಯಾಗಿದ್ದ, ರೆಕ್ಕೆ ಬಂದವನ ಹಾಗೆ.
ಹನ್ನೆರಡು ವರ್ಷದ ಗಿರಾಕಿ. ಈದಿಗೆ ಲವಂಗ ಕಳಿಸುವವನು.
ನಾನು ಸರಿಯಾದ ಹೆಸರನ್ನೇ ಬಡಿದೆ.

ಎಲ್ಲ ವಾಪಸು ಬಂತು.
ಕಾಗದಕ್ಕೆ ಕಾಗದ ಹೊಂದುವುದಿಲ್ಲವೆಂದು ಕೆಂಪು ಶಾಯಿ.
ಶೇಠ್ ಬೈಯಲಿಲ್ಲ. ಕನ್ನಡಕ ಒರೆಸುತ್ತ ಅಂದರು:
"ಬ್ಯಾಂಕು ಡಬ್ಬಿ ತೆರೆದು ನೋಡುವುದಿಲ್ಲ ದೀಕ್ರಿ,
ಹಮೀಸಿಯ ಮುಖವನ್ನೂ ನೋಡುವುದಿಲ್ಲ.
ಅವರು ತಪ್ಪಿದ್ದನ್ನು ನೀನು ತಪ್ಪದೆ ತಪ್ಪಬೇಕು."
ಕೂತೆ. ಹೊಸ ಫಾರಂ ಅಲ್ಲವೇ,
ಒಮ್ಮೆ ತಪ್ಪಿದರೆ ಸಾಕು; ಉಳಿದದ್ದು ಝೆರಾಕ್ಸು.

ಬೊಂಬಾಯಿಯಲ್ಲಿ ಶಾಲೆ ಬಿಟ್ಟ ಕಾಗದಕ್ಕೂ ಎಲ್‌ಸಿ ಅನ್ನುತ್ತಾರೆ.
ನನ್ನದರಲ್ಲಿ, ಇಂಗ್ಲಿಷಿನಲ್ಲಿ ಹೆಸರು ಬರೆವಾಗ,
ಕೊಲಾಬಾ ಮುನ್ಸಿಪಾಲ್ಟಿ ಶಾಲೆಯ ಕ್ಲಾರ್ಕು ಒಂದು ಐ ನುಂಗಿದ್ದ.
ನೀರಲ್ಲಿ ಹುಟ್ಟಿದ ವಾರಿಜ ಕಾಗದದಲ್ಲಿ ವರ್ಜ.
ಅಪ್ಪ ಸಾಸೂನ್ ಡಾಕಿನಲ್ಲಿ ಐಸು ಒಡೆಯುತ್ತಿದ್ದರು;
ತಿದ್ದಿಸಲು ಮೂರು ದಿನದ ಕೂಲಿ ಬಿಟ್ಟು ಅಲೆದು,
ನಾಲ್ಕನೇ ದಿನ,
"ಇರಲಿ ಮಗಾ, ರೇಷನ್ ಕಾರ್ಡಿನಲ್ಲೂ ಹಾಗೇ ಬರೆಸೋಣ" ಅಂದರು.
ಆಮೇಲೆ ರೈಲಿನ ಪಾಸು, ಬ್ಯಾಂಕಿನ ಬುಕ್ಕು, ಭವಿಷ್ಯನಿಧಿ,
ಎಲ್ಲೆಲ್ಲೂ ವರ್ಜ ಸಾಲ್ಯಾನ್, ಎಲ್ಲೆಲ್ಲೂ ಹೊಂದಿಕೆ.
ಈವರೆಗೆ ಯಾರೂ ನನ್ನನ್ನು ವಾಪಸು ಮಾಡಿಲ್ಲ.

ಡಬ್ಬಿಗಳು ಹೋದವು. ಹಣ ಬಂತು. ಮಳೆ ಬಂದು ಲಿಫ್ಟು ಮತ್ತೆ ಕೆಟ್ಟಿತು.
ಈದು ಕಳೆದು ಹತ್ತು ದಿನಕ್ಕೆ ಅಂಚೆಯಲ್ಲೊಂದು ಪೊಟ್ಟಣ.
ಹಸಿರು ಚೀಟಿ: ಒಳಗೆ ಮಸಾಲೆ ಇದೆಯೆನ್ನಲಾಗಿದೆ.
ಕಳಿಸಿದವರು: ಹಂಸಿ ಜುಮಾ.
ಅವನದೇ ಕೈಬರಹ, ಓರೆಯಾಗಿ, ನೀಲಿಯಲ್ಲಿ.
ತಮಾಷೆಯೋ, ಅಥವಾ ಅವನ ಅಪ್ಪನೂ
ಮೂರು ದಿನ ಅಲೆದು ಬಂದಿದ್ದನೋ,

ಚೀಟಿಯನ್ನೇ ನೋಡುತ್ತ ಕೂತಿದ್ದೆ.
ಪೆಡ್ನೇಕರ್ ಬಂದ. ಒದ್ದೆ ಕೊಡೆ ಬಾಗಿಲಿಗೆ ಒರಗಿಸಿ,
ಓದಲಿಲ್ಲ, ಕೇಳಲಿಲ್ಲ,
ಪೊಟ್ಟಣ ಎತ್ತಿ ಮೂಗಿಗೆ ಹಿಡಿದ.
"ಲವಂಗ," ಅಂದ. "ಈ ಸಲದ್ದು ಸ್ವಲ್ಪ ಹಸಿ."