ನಾನಾರ್ಥ, ನಾಲ್ಕು ಅಂಕ

‘ಕರೆ’ ಪದಕ್ಕೆ ನಾನಾರ್ಥ ಬರೆಯಿರಿ.
ತದಡಿ ಶಾಲೆ, ಎಂಟನೇ ತರಗತಿ,
ಕಿಟಕಿಯಾಚೆ ಮೀನು ಹರಾಜಿನ ಗದ್ದಲ.

ಕೂಗು, ಹಾಲು ಹಿಂಡು, ಕಲೆ:
ಅಲ್ಲಿಗೆ ನಿಂತರು ಎಲ್ಲರೂ.
ನಾಗವೇಣಿ ಹರಿಕಂತ್ರಳ ಹಾಳೆಯಲ್ಲಿ ಮಾತ್ರ
ನಾಲ್ಕನೆಯದೊಂದು: ‘ಹೊಳೆಯ ಬದಿ.’
ಕೆರೆ, ಕರೆ ಎರಡೂ ಒಂದೇ ಅಂದುಕೊಂಡಿದ್ದಾಳೆ ಹುಡುಗಿ,
ಕೆಂಪು ಗೀಟು ಎಳೆದೆ.

ಹಾಳೆ ಹಿಡಿದು ಬಂದಳು,
ಬೆರಳ ತುದಿಗೆಲ್ಲ ಗೇರುಸೊನೆ ಸುಟ್ಟ ಕಪ್ಪು.
‘ಅಕ್ಕೋರೆ, ನಮ್ಮ ಬದಿಗೆ ಹಂಗೇ ಹೇಳೂದು.’
‘ನಿಘಂಟಿನಲ್ಲಿ ಇರಬೇಕಲ್ಲ!’
ಸುಮ್ಮನೆ ಹೋದಳು.

ಇತ್ತು.
ರಾತ್ರಿ ತೆರೆದರೆ, ಗೆದ್ದಲು ತಿಂದುಳಿದ ಪುಟದಲ್ಲಿ
ದಡ, ಅಂಚು, ಸೀರೆಯ ಸೆರಗಿನಂಚು ಕೂಡ.
ಪಕ್ಕದಲ್ಲೇ, ನಾವು ಕಳೆದುಕೊಂಡ ಒರಟು ಱ:
ಹಾಲಿನದೂ ಕಲೆಯದೂ ಆ ಅಕ್ಷರ,
ಕೂಗಿನದೂ ದಡದದೂ ಈ ಮೆತ್ತನೆಯದು.
ಒರಟು ಸವೆದದ್ದೇ
ನಾಲ್ಕು ಮನೆಯವರು ಒಂದೇ ಬಾಗಿಲಲ್ಲಿ
ಓಡಾಡತೊಡಗಿದರು,
ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿ.

ಭಾನುವಾರ. ಅವಳ ಮನೆ ಅಘನಾಶಿನಿಯಲ್ಲಿ.
ಇಳಿತದ ಹೊತ್ತು, ಮೊಳಕಾಲುದ್ದ ಕೆಸರಿನಲ್ಲಿ
ಬಳಚು ಆರಿಸುತ್ತಿದ್ದ ಮುದುಕಿ
ತಲೆಯೆತ್ತದೆ ಕೇಳಿದಳು,
‘ಆಚೆ ಕರೆಗನಾ?’
ಹೂಂ ಅಂದೆ. ಅಷ್ಟೇ ಸಲೀಸಾಗಿ.

ಕೈಚೀಲದಲ್ಲಿ ಆ ಹಾಳೆ,
ಅದರ ಮೇಲೆ ನನ್ನದೇ ಕೆಂಪು ಕರೆ,
ಎಷ್ಟು ಉಜ್ಜಿದರೂ ಹೋಗದೆ
ಕಾಗದವೇ ತೆಳ್ಳಗಾಗಿದೆ.

ದೋಣಿ ನಡುಹೊಳೆಯಲ್ಲಿ.
ಅಂಬಿಗನ ಫೋನು ವ್ಯಾಪ್ತಿ ಪ್ರದೇಶದ ಹೊರಗೆ.
ಪಾಠ ಹೇಳುವ ದನಿ ಅಲ್ಲಿಯವರೆಗೆ ಮುಟ್ಟುವುದಿಲ್ಲ.
ಬಾಯಿಗೆ ಎರಡೂ ಕೈ ಅಡ್ಡ ಹಿಡಿದು
ಈಚೆ ಕರೆಯಲ್ಲಿ ನಿಂತು
ಕರೆದೆ.