ಹೆಗ್ಗಣ

ಕುಡತಿನಿ ದಾಟಿ, ಕಡಲೆ ಹೊಲದ ನಡುವೆ
ಹಳದಿ ಬಳಿದ ಹದಿನೇಳನೇ ಕಂಬ.
ರಾತ್ರಿ ಎರಡೂವರೆ.
ಶೇಕ್ಷಾವಲಿ ಮೊಳಕಾಲೂರಿ, ಎರೆಮಣ್ಣಿಗೆ ಮೈಕು ಚುಚ್ಚಿ
ನೆಲದೊಳಗೆ ಬರುವುದಕ್ಕೆ ಕಾಯುತ್ತಾನೆ.
ಹೊತ್ತು ಬರೆದುಕೊಳ್ಳುವುದು ನನ್ನ ಕೆಲಸ.

ಕಂಪನಿಯವರು ಅದನ್ನು ಕರೆಯುವುದು ಹಂದಿ ಅಂತ.
ಅವನ ತಾಯಿ ಮೌಲಾಬಿಗೆ ಆ ಮಾತು ಮನೆಯೊಳಗೆ ಬೇಡ;
ಅವಳೇ ಬೇರೆ ಹೆಸರಿಟ್ಟಳು: ಹೆಗ್ಗಣ.
ಬಿಲದಾಗ ಹೋಗೂದು ಹೌದಿಲ್ಲೋ, ಅಂದಳು.
ಅಂದಿನಿಂದ ನನ್ನ ಪುಸ್ತಕದಲ್ಲೂ ಹಾಗೆಯೇ.

ಎರಡಾಳುದ್ದದ ಉಕ್ಕು. ಸುತ್ತ ರಬ್ಬರಿನ ಬಟ್ಟಲು.
ಹೊಟ್ಟೆಯಲ್ಲಿ ಅಯಸ್ಕಾಂತ, ಬ್ಯಾಟರಿ, ನೆನಪು.
ಬೆನ್ನ ಹಿಂದೆ ಗ್ಯಾಸು ನೂಕುತ್ತದೆ,
ಮೈ ಸುತ್ತ ಕೊಳವೆ ಹಿಡಿಯುತ್ತದೆ,
ಬಿಟ್ಟೂ ಬಿಡದ ಆ ಹಿಡಿತದಲ್ಲಿ
ಬೆಸುಗೆಗೊಮ್ಮೆ ಟಕ್ ಎಂದು
ಎತ್ತಿನ ಬಂಡಿಯ ಹಾಗೆ ಬಂದರೆ
ಉಗುರಷ್ಟು ತುಕ್ಕನ್ನೂ ಓದುತ್ತದೆ.

ಎರಡು ಹತ್ತಕ್ಕೆ ಬರಬೇಕಿತ್ತು.
ಹಿಂದಿನ ಕಂಬದಿಂದ ಹುಲುಗಪ್ಪನ ಫೋನು:
ನನ್ನ ದಾಟಿ ಆಗಲೇ ತಾಸಾತಲ್ರೀ.
ಕಾಲುವೆ ಕೆಳಗಿನ ತಿರುವಿನಲ್ಲಿ ಕೂತಿದೆ.
ಮುಳ್ಳು ಏರುತ್ತಿದೆ, ಅಂದರು ಸ್ಟೇಷನ್ನಿನವರು.
ದೂರ ತೋರಣಗಲ್ಲಿನ ಕುಲುಮೆ ಆಕಾಶಕ್ಕೆ ಕೆಂಪು ಬಳಿದು, ಆರಿಸಿ,
ಮತ್ತೆ ಬಳಿಯಿತು.
ಚಳಿಗೆ ಪೆನ್ನು ಬರೆಯದೆ ಬಾಯಿಂದ ಊದಿದೆ.

‘ಸುಮ್ನಿರ್ರೀ ಹಂಪಮ್ಮಾರ,’ ಅಂದ. ನಾನು ಮಾತಾಡಿರಲೇ ಇಲ್ಲ.
ಆಮೇಲೆ ಅವನ ಹುಬ್ಬು ಏರಿತು,
ಆಮೇಲೆ ನನ್ನ ಅಂಗಾಲಿಗೂ ಗೊತ್ತಾಯಿತು:
ಟಕ್ ಇಲ್ಲ, ಟಕ್ ಇಲ್ಲ, ಬೆಸುಗೆಗಳೆಲ್ಲ
ಒಂದೇ ಗೆರೆಯಾಗಿ ಸರ್ರನೆ.
ಎರಡು ಐವತ್ತೆರಡು, ಬರೆದೆ.
ಬರೆಯುವಷ್ಟರಲ್ಲಿ ಅದು ಎಲ್ಲೋ.

ವಾರದ ಮೇಲೆ ಹಾಳೆ ಬಂತು.
ಗೆರೆ, ಗೆರೆ, ಚುಕ್ಕೆ, ಗೆರೆ, ಆಮೇಲೆ
ನಾನೂರು ಮೀಟರ್ ಬಿಳಿ.
ಅಂಟಿ ಕೂತ ತಾವನ್ನು ನೂರು ಸಲ ಓದಿದೆ,
ಹಾರಿದ ದಾರಿಯಲ್ಲಿ ಒಂದಕ್ಷರವಿಲ್ಲ.
‘ಓಡಿದ್ದಕ್ಕ ಏನ್ ಕಂಡೀತು,’ ಅಂದ ಶೇಕ್ಷಾವಲಿ,
ಭತ್ಯೆಯ ಚೀಟಿಗೆ ಸಹಿ ಹಾಕುತ್ತ.
ಸಂಕ್ರಮಣ ಕಳೆದ ಮೇಲೆ ಮತ್ತೆ ಬಿಡುತ್ತಾರೆ.
ಆ ಬಿಳಿಯ ಮೇಲೆ ಈಗ ಕಡಲೆ ಹುಳಿ ಸುರಿಸುತ್ತಿದೆ.

ಬಿಚ್ಚಿದ ಬಟ್ಟಲುಗಳು ಗೋಡೆಗೆ ಒರಗಿದ್ದವು.
ಒಂದೊಂದರದ್ದೂ ಕೆಳಗಿನ ಅಂಚು ಮಾತ್ರ ಸವೆದಿತ್ತು,
ತನ್ನ ಭಾರ ತಾನೇ ಎಳೆದ ಕಡೆ.
ಒಂದನ್ನು ಕೇಳಿ ಒಯ್ದ.
ಮೌಲಾಬಿ ನಡುವಿನ ತೂತಿಗೆ ಸಿಮೆಂಟು ಮೆತ್ತಿ
ಕೋಳಿಗಳಿಗೆ ನೀರಿಡುತ್ತಾಳೆ ಅದರಲ್ಲಿ;
ಸವೆದ ಅಂಚಿನಿಂದ ಚೆಲ್ಲದ ಹಾಗೆ
ಅಡಿಗೊಂದು ಕಲ್ಲು.