ನಾಲ್ಕು ದವಡೆ

ಲೇತು ಬಂದದ್ದು ಶನಿವಾರ, ಲಗೇಜ್ ಆಟೋದಲ್ಲಿ,
ನಲವತ್ತು ಕಿಲೋ, ಹಾಲು ಬಿಡದ ಕರುವಿನಷ್ಟು.
ಹಿಂದಿನ ಕೋಣೆಯ ಕಡಪಾ ಕಲ್ಲಿನ ಮೇಲೆ ಕೂತಿತು.
ಜೊತೆಗೊಂದು ಪಟ್ಟಿ: ಪ್ರತ್ಯೇಕವಾಗಿ ಕೊಳ್ಳತಕ್ಕದ್ದು.
ಓದುತ್ತ ಹೋದೆ. ಜೀನು, ಲಗಾಮು, ಲಾಳ ಸೇರಿದರೆ
ಕುದುರೆಯೇ ಅಗ್ಗ.

ಮೂವತ್ತೊಂದು ವರ್ಷ ಶಿವಮೊಗ್ಗದ ಹೈಸ್ಕೂಲಿನಲ್ಲಿ
ಪಿಪೆಟ್ಟು ತೊಳೆದ ಲ್ಯಾಬ್ ಅಟೆಂಡರ್ ಕೈ ಇದು.
ಗ್ರಾಚ್ಯುಟಿಗೆ ಒಂದೆಳೆ ಚಿನ್ನ ಮಾಡಿಸದೆ
ಕಬ್ಬಿಣ ತಂದೆನೆಂದು
ನಾದಿನಿ ನಾಗವೇಣಿ ಮಾತು ಬಿಟ್ಟಿದ್ದಾಳೆ.

ಭದ್ರಾವತಿಯಿಂದ ಲಿಗೋರಿ ಲೋಬೋ ಬಂದರು.
ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು,
ತೋರುಬೆರಳಿನ ತುದಿಯನ್ನು ಅಲ್ಲೇ ಬಿಟ್ಟು ರಿಟೈರಾದವರು.
ಕನ್ನಡಕ ಹಣೆಗೇರಿಸಿ, ಪೆನ್ಸಿಲ್ಲಿನಲ್ಲಿ ಪಟ್ಟಿ ಹೊಡೆಯತೊಡಗಿದರು:
"ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಬೇಡ.
ಇದೂ ಬೇಡ. ಕಾಲೆಟ್ ಸೆಟ್ಟಾ? ವಾಚ್ ರಿಪೇರಿ ಮಾಡ್ತೀರಾ ನೀವು?
ಇದು ಅಂಗಡಿಯವನ ಮಗಳ ಮದುವೆ ಖರ್ಚಿಗೆ."
ಉಳಿದದ್ದು ಎರಡು:
ಡಯಲ್ ಗೇಜು. ನಾಲ್ಕು ದವಡೆಯ ಚಕ್ಕು.

"ಮೂರು ದವಡೇದು ಕೊಟ್ಟೇ ಇದ್ದಾರಲ್ಲ?"
"ಒಂದು ಕೀಲಿ ತಿರುಗಿಸಿದ್ರೆ ಮೂರೂ ಒಟ್ಟಿಗೆ ಬರ್ತವೆ.
ನಡುಮಧ್ಯ ಹಿಡಿದೆ ಅಂತಾವೆ. ಕೂದಲೆಳೆ ಸುಳ್ಳು.
ನಾಲ್ಕರದ್ದು ಏನೂ ಹೇಳಲ್ಲಮ್ಮ,
ನೀವೇ ಕೇಳಿ ಕೇಳಿ ತಿಳ್ಕೋಬೇಕು."

ಕೇಳಿದೆ.
ಗೇಜಿನ ಮೂತಿಯನ್ನು ಹಿತ್ತಾಳೆಗೆ ತಾಗಿಸಿ
ಚಕ್ಕನ್ನು ಕೈಯಲ್ಲೇ ಒಂದು ಸುತ್ತು.
ಮುಳ್ಳು ಓಡಿತು ಇಪ್ಪತ್ತೆಂಟು ಗೆರೆ.
ಇದನ್ನು ಸಡಿಲಿಸು, ಎದುರಿನದನ್ನು ಬಿಗಿ.
ಹನ್ನೊಂದು.
ಹದಿನಾಲ್ಕು. ತಪ್ಪು ದವಡೆ.
ಪಕ್ಕದ ಮನೆಯ ಕುಕ್ಕರು ಮೂರು ಸಲ ಕೂಗಿತು.
ಆರು.
ಎರಡೂವರೆ.
ಲೋಬೋ ಕಿಟಕಿಯಾಚೆ ನೋಡುತ್ತಿದ್ದರು,
ಪರೀಕ್ಷೆಯಲ್ಲಿ ನಕಲು ಬಿಟ್ಟುಕೊಡುವ ಮೇಷ್ಟರ ಹಾಗೆ.
ಮುಳ್ಳು ಒಮ್ಮೆ ಅದುರಿ ಸುಮ್ಮನಾಯಿತು.

ಟೂಲಿನ ತುದಿ ಇನ್ನೂ ಕೆಳಗಿತ್ತು.
ಹ್ಯಾಕ್ಸಾ ಬ್ಲೇಡಿನ ತುಂಡು ಅಡಿಗಿಟ್ಟೆ, ಸಾಲದು;
ಗೃಹಪ್ರವೇಶದ ಕಾರ್ಡು ಕತ್ತರಿಸಿ ಸಿಗಿಸಿದೆ.
"ಕಾಗದ ಕುಗ್ಗುತ್ತೆ" ಎಂದು ಗೊಣಗಿ
ಕಾಫಿಪುಡಿ ಡಬ್ಬದ ತಗಡು ಕೇಳಿ ಪಡೆದರು.

"ಬಳೆ ತೆಗೀರಿ. ಉಂಗುರ. ಸೆರಗು ಸಿಕ್ಕಿಸಿ."
ಎಲ್ಲ ಬಿಚ್ಚಿ ಉಪ್ಪಿನ ಜಾಡಿಯ ಪಕ್ಕ ಇಟ್ಟೆ.
ಅದಕ್ಕೆ ಒಡವೆ ತೊಡಿಸುತ್ತ ನಾನು ಬೋಳಾದೆ, ನಗು ಬಂತು.
"ಚಕ್ ಕೀಲಿ ಎಲ್ಲಿ?"
ಚಕ್ಕಿನಲ್ಲೇ ಇತ್ತು.
ಅವರು ಬೈಯಲಿಲ್ಲ. ಮೊಂಡು ಬೆರಳಿನಿಂದ
ಗೋಡೆಯ ಮೊಳೆ ತೋರಿಸಿದರು, ಅಷ್ಟೇ.

ಹಿತ್ತಾಳೆಗೆ ಎಣ್ಣೆ ಬೇಡ. ರವೆಯಂತೆ ಸಿಡಿಯಿತು
ಹಳದಿ, ಹುಬ್ಬಿನ ಮೇಲೆ, ಒಲೆಕಟ್ಟೆಯವರೆಗೆ.
ನಾನು ಮಾಡುತ್ತಿದ್ದದ್ದು ಒಂದು ಗುಂಡಿ:
ಏಳನೇ ನಂಬರಿನ ಮೈಕ್ರೋಸ್ಕೋಪಿನದು.
ಹರಾಜಿನಲ್ಲಿ ನೂರೈವತ್ತಕ್ಕೆ ನನ್ನ ಪಾಲಿಗೆ ಬಂದದ್ದು,
ಹತ್ತೊಂಬತ್ತು ವರ್ಷ ಪೆನ್ನಿನ ಮುಚ್ಚಳ, ರಬ್ಬರ್ ಬ್ಯಾಂಡಿನಲ್ಲಿ
ಈರುಳ್ಳಿ ಸಿಪ್ಪೆಯನ್ನು ಎಷ್ಟು ಮಕ್ಕಳಿಗೆ ಮಸುಕಾಗಿ ತೋರಿಸಿದ್ದು.

ಗುಂಡಿ ಕೂತಿತು. ತಿರುಗಿಸಿದೆ.
ಮೊದಲು ನೋಡಿದ್ದು ನಾನೇ ಕೊರೆದ ಹಿತ್ತಾಳೆ ಚೂರು:
ಕುಡಿದವನು ಉತ್ತ ಗದ್ದೆ.
"ಟೂಲು ಮೊಂಡು" ಎಂದರು ಲೋಬೋ,
ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ನಾಗವೇಣಿ ಬಂದದ್ದು ಬುಧವಾರ.
ಒಳಗೆ ಕರೆಯಬೇಕಾಗಲಿಲ್ಲ,
ಸೀದಾ ಕಡಪಾ ಕಲ್ಲಿನ ಮುಂದೆ ನಿಂತು
ಮುಷ್ಟಿ ಬಿಚ್ಚಿದಳು: ಒಂದು ಓಲೆ, ಹಿಂದಿನ ತಿರುಪಿಲ್ಲ.
"ಇದರಲ್ಲಿ ಆಗುತ್ತಾ?"
ಎಂಟು ತಿಂಗಳ ಮೇಲೆ ಆಡಿದ ಮೊದಲ ಮಾತು.

ಜೋಳದ ಕಾಳಿಗಿಂತ ಚಿಕ್ಕದು, ಒಳಗೆ ಮರೆ.
ನಾಲ್ಕು ದವಡೆಯ ನಡುವೆ ಹಿಡಿದು ನೋಡಿದೆ.
ಎಮ್ಮೆಯ ಬಾಯಲ್ಲಿ ಎಳ್ಳು.

ಪಟ್ಟಿ ಹುಡುಕಿದೆ,
ಪೆನ್ಸಿಲ್ ಗೆರೆ ಹಗುರವಾಗಿಯೇ ಇತ್ತು.
ಕಾಲೆಟ್ ಸೆಟ್ಟು, ಹನ್ನೊಂದನೆಯ ಸಾಲು.
ರಬ್ಬರು ಎಲ್ಲಿಟ್ಟೆ ಎಂದು ಕೇಳಿದೆ;
ಅವಳೇ ಹುಡುಕಿಕೊಟ್ಟಳು.